ನಶಿಸದ ವಿಷವಸ್ತುಗಳೂ ಮೊಳಕೆಯ ಪೈರೂ

ಬಿತ್ತಿದ ಬೀಜವು ಸರಿಯಾಗಿ ಮೊಳೆಯದಿದ್ದರೆ, ಅಥವಾ ಮೊಳೆತ ಸಸಿಯು ಮೇಲಕ್ಕೇಳದೆ ಕುಂದಿದರೆ, ಬೀಜದ ದೋಷವನ್ನೋ, ಹದ ತಪ್ಪಿದ ಬಿತ್ತನೆಯನ್ನೋ, ಗೆದ್ದಲು ಇರುವೆಗಳ ಕಾಟವನ್ನೋ ಕಾರಣವೆಂದು ಹೇಳುವುದು ರೈತರಲ್ಲಿ ವಾಡಿಕೆ. ಬಹುಮಟ್ಟಿಗೆ ಇದು ನಿಜವೂ ಹೌದು. ಆದರೆ ದೊಡ್ಡ ಪಟ್ಟಣಗಳ ಮಗ್ಗುಲಲ್ಲಿರುವ ಭೂಮಿಗಳಲ್ಲಿ ಇವುಗಳ ಜತೆಗೆ ಮತ್ತೊಂದು ಕಾರಣವೂ ಸೇರಿಕೊಂಡಿದೆ. ನೀರಿನ ಮೂಲಕವಾಗಿಯೂ ಗೊಬ್ಬರದ ಮೂಲಕವಾಗಿಯೂ ಧೂಳಿನ ಮೂಲಕವಾಗಿಯೂ ಹೊಲಕ್ಕೆ ಬಂದು, ಅಲ್ಲಿ ಕೊಳೆತು ಹೋಗದೆ, ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವ ರಾಸಾಯನಿಕ ವಿಷವಸ್ತುಗಳೇ ಆ ಕಾರಣ. ಇವು ಮೊಳಕೆಗೂ ಎಳೆಯ ಪೈರಿಗೂ ಮಾಡುವ ಕೇಡು ಯಾವುದು, ಅದನ್ನು ಬೇಸಾಯಗಾರನು ತನ್ನ ಮನೆಯಲ್ಲಿಯೇ ಕಂಡುಹಿಡಿಯುವ ಬಗೆ ಹೇಗೆ, ಕಂಡ ಮೇಲೆ ಮಾಡತಕ್ಕ ಕೆಲಸವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದೆ.

ವಿವರಕ್ಕೆ ಹೋಗುವ ಮೊದಲೇ ಮುಖ್ಯವಾದ ಮಾತೊಂದನ್ನು ಹೇಳಿಬಿಡಬಹುದು. ಎಷ್ಟು ಬೀಜ ಮೊಳೆಯಿತೆಂದು ಎಣಿಸುವುದರಿಂದ ಈ ವಿಷಗಳ ಇರವು ಸಾಧಾರಣವಾಗಿ ತಿಳಿಯದು. ಮೊಳೆತ ಬೀಜದ ಬೇರನ್ನು ಅಳೆದರೆ ಬಹುಮಟ್ಟಿಗೆ ತಿಳಿಯುವುದು. ಎಣಿಕೆಯನ್ನು ಮಾತ್ರ ನಂಬಿದವನಿಗೆ ಹೊಲವು ಕೆಡುತ್ತಿರುವ ಸಂಗತಿಯು ಬಹಳ ತಡವಾಗಿ ಗೊತ್ತಾಗುವುದು.

ಅಟ್ಟೂರಿನ ಸುತ್ತಣ ಭೂಮಿ

ಯಲಹಂಕದ ಮಗ್ಗುಲಲ್ಲಿರುವ ಅಟ್ಟೂರು, ಈ ಸೀಮೆಯ ಇತರ ಗ್ರಾಮಗಳಂತೆಯೇ, ಕೆರೆಯನ್ನು ನಂಬಿದ ಊರು. ರಾಗಿ, ಅವರೆ, ಹುರುಳಿಗಳು ಈ ಕಡೆಯ ಕೆಮ್ಮಣ್ಣಿನ ಖುಷ್ಕಿ ಹೊಲಗಳ ಹಳೆಯ ಬೆಳೆಗಳು. ಕೆರೆಗಳ ಅಚ್ಚುಕಟ್ಟಿನಲ್ಲಿ ಭತ್ತ, ಬಾವಿಗಳ ಬಳಿ ಸೊಪ್ಪು ತರಕಾರಿ. ಇಲ್ಲಿಂದ ಅನತಿದೂರದಲ್ಲಿರುವ ಹೆಬ್ಬಾಳದಲ್ಲಿಯೇ 1899ರಲ್ಲಿ ಮೈಸೂರು ಸೀಮೆಯ ವ್ಯವಸಾಯ ಪರೀಕ್ಷಾ ಕ್ಷೇತ್ರವು ಹುಟ್ಟಿತು. 1964ರಲ್ಲಿ ಏರ್ಪಟ್ಟ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವೂ ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇದೆ.

2007ರಲ್ಲಿ ಯಲಹಂಕವು ಬೃಹತ್ ಬೆಂಗಳೂರಿನೊಳಕ್ಕೆ ಸೇರಿದುದು ಸರಿಯಷ್ಟೆ. ಅಂದಿನಿಂದ ಈ ಭಾಗದಲ್ಲಿ ಹೊಲಗಳ ಬದಲು ಮನೆಗಳು ಎದ್ದಿವೆ. ಮಳೆಯ ನೀರನ್ನು ಒಂದು ಕೆರೆಯಿಂದ ಮತ್ತೊಂದಕ್ಕೆ ಸಾಗಿಸುವುದಕ್ಕಾಗಿ ಹಿರಿಯರು ತೆಗೆದಿದ್ದ ರಾಜಕಾಲುವೆಗಳಲ್ಲಿ ಅನೇಕವು ಬೆಂಗಳೂರಿನ ಸುತ್ತಲೂ ಬಚ್ಚಲು ನೀರನ್ನೂ ಸಣ್ಣ ಕಾರ್ಖಾನೆಗಳ ತೊಳೆನೀರನ್ನೂ ಹೊರುವ ಕಾಲುವೆಗಳಾಗಿವೆ. ಆದರೂ ಬೇಸಾಯವು ನಿಂತಿಲ್ಲ. ಉಳಿದಿರುವ ತುಂಡು ಹೊಲಗಳಲ್ಲಿ ಸೊಪ್ಪು, ಹೂವು, ಮೇವು ಬೆಳೆಯುವವರಿದ್ದಾರೆ. ಸಸಿಗಳನ್ನು ಬೆಳೆಸಿ ಮಾರುವವರಿದ್ದಾರೆ. ಮನೆಯ ಹಿತ್ತಿಲಿನಲ್ಲಿಯೂ ಮಹಡಿಯ ಮೇಲೂ ತರಕಾರಿ ಬೆಳೆದುಕೊಳ್ಳುವ ಸಂಸಾರಗಳು ಹೆಚ್ಚುತ್ತಿವೆ. ಈ ಎಲ್ಲರಿಗೂ ಮುಂದೆ ಹೇಳುವ ವಿಷಯವು ಸಮಾನವಾಗಿ ಅನ್ವಯಿಸುವುದು.

ನಶಿಸುವ ಕಲ್ಮಷ, ನಶಿಸದ ಕಲ್ಮಷ

ಕೊಳಚೆ ನೀರೆಲ್ಲವೂ ವಿಷವೆಂದು ತಿಳಿಯತಕ್ಕದ್ದಲ್ಲ. ಅದರಲ್ಲಿರುವ ಮಲಮೂತ್ರಾದಿಗಳು ಮಣ್ಣಿನ ಸೂಕ್ಷ್ಮಜೀವಿಗಳಿಂದ ಕೊಳೆತು ಸಾರಜನಕ, ರಂಜಕಗಳಾಗಿ ಪೈರಿಗೆ ಆಹಾರವಾಗುವುವು. ರೋಗಾಣುಗಳ ಭಯವೊಂದು ಬೇರೆಯಾಗಿಯೇ ಇದ್ದರೂ ಈ ಬಗೆಯ ಕಲ್ಮಷವು ಕಾಲಕ್ರಮದಲ್ಲಿ ನಶಿಸತಕ್ಕದ್ದು. ಸೋಪು, ಸೋಡಗಳಿಂದ ಬರುವ ಉಪ್ಪು ಕೊಳೆಯುವುದಿಲ್ಲವಾದರೂ ನೀರಿನಲ್ಲಿ ಕರಗುವುದರಿಂದ, ಒಳ್ಳೆಯ ಮಳೆ ಬಿದ್ದು ನೀರು ಬಸಿದುಹೋಗುವ ಭೂಮಿಯಲ್ಲಿ ಕೆಳಕ್ಕೆ ಇಳಿದು ಹೋಗುವುದು.

ನಶಿಸದ ವಿಷಗಳಲ್ಲಿ ಮೊದಲನೆಯ ಗುಂಪು ಭಾರಲೋಹಗಳು. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕಲ್, ಪಾದರಸ ಇವು ಮುಖ್ಯವಾದುವು. ತಾಮ್ರ, ಸತುಗಳು ಸ್ವಲ್ಪ ಪ್ರಮಾಣದಲ್ಲಿ ಪೈರಿಗೆ ಬೇಕಾದವುಗಳಾದರೂ ಮಿತಿಮೀರಿದರೆ ಅವೂ ವಿಷವೇ. ಲೋಹವು ಮೂಲವಸ್ತುವಾದುದರಿಂದ ಅದನ್ನು ಯಾವ ಸೂಕ್ಷ್ಮಜೀವಿಯೂ ಒಡೆಯಲಾರದು, ಬಿಸಿಲೂ ಸುಡಲಾರದು. ಇದಕ್ಕೆ ಒಂದು ನಿದರ್ಶನ ಕೊಡಬಹುದು. ಸೀಸ ಬೆರೆತ ಪೆಟ್ರೋಲಿನ ಮಾರಾಟವು ನಮ್ಮ ದೇಶದಲ್ಲಿ 2000ನೆಯ ಇಸವಿಯಲ್ಲಿ ನಿಂತಿತು. ಆದರೆ ಅದಕ್ಕೆ ಮುಂಚೆ ಹೆದ್ದಾರಿಗಳ ಅಂಚಿನಲ್ಲಿ ಬಿದ್ದ ಸೀಸವು, ಆ ಮಣ್ಣನ್ನು ಯಾರೂ ತೆಗೆದು ಹಾಕದಿದ್ದಲ್ಲಿ, ಇಂದಿಗೂ ಮೇಲ್ಮಣ್ಣಿನಲ್ಲಿಯೇ ಇರುವುದು.

ಎರಡನೆಯ ಗುಂಪು ಕ್ಲೋರಿನ್ ಸೇರಿದ ಹಳೆಯ ಕೀಟನಾಶಕಗಳು. ಡಿ.ಡಿ.ಟಿ.ಯನ್ನು ವ್ಯವಸಾಯದಲ್ಲಿ ಬಳಸುವುದು 1989ರಲ್ಲಿಯೂ, ರೈತರಿಗೆ ಬಹಳ ಪರಿಚಿತವಾಗಿದ್ದ ಬಿ.ಎಚ್.ಸಿ. ಪುಡಿಯು 1997ರಲ್ಲಿಯೂ ಭಾರತದಲ್ಲಿ ನಿಷೇಧವಾದುವು. ಇಂತಹ ವಸ್ತುಗಳನ್ನು ಲೋಕದಿಂದಲೇ ನಿವಾರಿಸಬೇಕೆಂದು 2001ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಆದ ಒಡಂಬಡಿಕೆಗೆ ಭಾರತವು 2006ರಲ್ಲಿ ಸಮ್ಮತಿಯಿತ್ತಿತು. ಉಷ್ಣದೇಶದ ಮಣ್ಣಿನಲ್ಲಿ ಇವು ಶೀತದೇಶಕ್ಕಿಂತ ಬೇಗನೆ ಕಡಿಮೆಯಾಗುವುವು. ಆದರೂ ಪೂರ್ತಿ ಹೋಗಲು ಅನೇಕ ವರ್ಷಗಳು ಬೇಕು.

ಮೂರನೆಯದಾಗಿ ಕೆಲವು ಕಳೆನಾಶಕಗಳನ್ನು ಹೇಳಬೇಕು. ಇವು ವರ್ಷಗಟ್ಟಲೆ ಉಳಿಯದಿದ್ದರೂ ಒಂದು ಬೆಳೆಯಿಂದ ಮುಂದಿನ ಬೆಳೆಯವರೆಗೆ ಉಳಿಯಬಲ್ಲವು. ಮುಸುಕಿನ ಜೋಳಕ್ಕೆ ಹಾಕುವ ಅಟ್ರಜಿನ್ ಇದಕ್ಕೆ ಉದಾಹರಣೆ.

ವಿಷವು ಹೊಲಕ್ಕೆ ಬರುವ ದಾರಿಗಳು

ಮೊದಲನೆಯ ದಾರಿ ನೀರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘವು 1985ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ, ನೀರಾವರಿಯ ನೀರಿನಲ್ಲಿ ಲೀಟರಿಗೆ ಕ್ಯಾಡ್ಮಿಯಂ 0.01 ಮಿಲಿಗ್ರಾಂ, ಕ್ರೋಮಿಯಂ 0.1 ಮಿಲಿಗ್ರಾಂ, ತಾಮ್ರ ಮತ್ತು ನಿಕ್ಕಲ್ ತಲಾ 0.2 ಮಿಲಿಗ್ರಾಂ, ಸತು 2 ಮಿಲಿಗ್ರಾಂ ಇವುಗಳನ್ನು ಮೀರಕೂಡದು. ಇಷ್ಟು ಅಲ್ಪವಾದ ಮಿತಿ ಏಕೆಂಬುದು ಸ್ವಲ್ಪ ಲೆಕ್ಕ ಮಾಡಿದರೆ ತಿಳಿಯುವುದು. ಒಂದು ಎಕರೆಗೆ ಒಂದು ಅಂಗುಲ ನೀರು ಕಟ್ಟಿದರೆ ಸುಮಾರು 1 ಲಕ್ಷ ಲೀಟರು. ಒಂದು ಬೆಳೆಗೆ 20 ಅಂಗುಲವಾದರೆ 20 ಲಕ್ಷ ಲೀಟರು. ಮಿತಿಯೊಳಗೇ ಇರುವ 0.01 ಮಿಲಿಗ್ರಾಮಿನ ನೀರಾದರೂ ಒಂದು ಬೆಳೆಯಲ್ಲಿ ಎಕರೆಗೆ 20 ಗ್ರಾಂ ಕ್ಯಾಡ್ಮಿಯಮನ್ನು ತಂದು ಹಾಕುವುದು. ಆರು ಅಂಗುಲ ಆಳದ ಮೇಲ್ಮಣ್ಣು ಎಕರೆಗೆ ಸುಮಾರು 9 ಲಕ್ಷ ಕಿಲೋಗ್ರಾಂ ತೂಗುವುದರಿಂದ, ಒಂದು ಬೆಳೆಗೆ ಆಗುವ ಏರಿಕೆ ಕಿಲೋ ಮಣ್ಣಿಗೆ 0.022 ಮಿಲಿಗ್ರಾಂ ಮಾತ್ರ. ನೋಡುವುದಕ್ಕೆ ಇದು ಏನೂ ಅಲ್ಲ. ಆದರೆ ವರ್ಷಕ್ಕೆ ಎರಡು ಬೆಳೆಯಂತೆ 25 ವರ್ಷ ನಡೆದರೆ ಅದು 1.1 ಮಿಲಿಗ್ರಾಂ ಆಗುವುದು. ಮಲಿನವಾಗದ ಮಣ್ಣಿನಲ್ಲಿ ಕ್ಯಾಡ್ಮಿಯಂ ಸಾಮಾನ್ಯವಾಗಿ 1 ಮಿಲಿಗ್ರಾಮಿಗಿಂತ ಬಹು ಕಡಿಮೆ ಇರುವುದನ್ನು ನೆನೆದರೆ, ತಂದೆಯು ಕಟ್ಟಿದ ನೀರಿನ ಫಲವನ್ನು ಮಗನು ಅನುಭವಿಸಬೇಕಾಗುವುದೆಂಬುದು ಸ್ಪಷ್ಟವಾಗುವುದು. ಪೈರು ಹೀರಿಕೊಂಡು ಹೊರಕ್ಕೆ ಒಯ್ಯುವ ಭಾಗವು ಇದರಲ್ಲಿ ಬಹಳ ಸ್ವಲ್ಪ.

ಎರಡನೆಯ ದಾರಿ ಕೆರೆಯ ಗೋಡು. ಬೇಸಿಗೆಯಲ್ಲಿ ಕೆರೆಯಂಗಳದ ಗೋಡನ್ನು ಗಾಡಿಗಳಲ್ಲಿ ಹೇರಿ ಹೊಲಕ್ಕೆ ಹಾಕುವುದು ನಮ್ಮ ಸೀಮೆಯ ಹಳೆಯ ಒಳ್ಳೆಯ ಪದ್ಧತಿ. ಆದರೆ ಲೋಹಗಳು ನೀರಿಗಿಂತ ಹೆಚ್ಚಾಗಿ ಕೆರೆಯ ತಳದ ಜೇಡಿಯಲ್ಲಿಯೇ ಇಳಿದು ನಿಲ್ಲುವುವು. ಪಟ್ಟಣದ ಚರಂಡಿ ಸೇರುವ ಕೆರೆಯ ನೀರು ತಿಳಿಯಾಗಿ ಕಂಡರೂ ಅದರ ಗೋಡು ಶುದ್ಧವೆಂದು ಹೇಳಲಾಗದು. ಪರೀಕ್ಷೆ ಮಾಡಿಸದೆ ಅಂತಹ ಗೋಡನ್ನು ಹೊಲಕ್ಕೂ ಕುಂಡಕ್ಕೂ ಹಾಕಕೂಡದು.

ಮೂರನೆಯ ದಾರಿ ಪಟ್ಟಣದ ಕಸದ ಗೊಬ್ಬರ. ಪಟ್ಟಣದ ಕಸವನ್ನು ಗುಂಡಿಗಳಲ್ಲಿ ಪದರ ಪದರವಾಗಿ ಹಾಕಿ ಕಾಂಪೋಸ್ಟು ಮಾಡುವ ವಿಧಾನವನ್ನು ಡಾ॥ ಸಿ. ಎನ್. ಆಚಾರ್ಯರು 1939ರಲ್ಲಿ ಇದೇ ಬೆಂಗಳೂರಿನಲ್ಲಿ ರೂಪಿಸಿದರು; ಅದು ಇಂದಿಗೂ ‘ಬೆಂಗಳೂರು ವಿಧಾನ’ವೆಂದೇ ಪ್ರಸಿದ್ಧವಾಗಿದೆ. ಆ ಕಾಲದ ಕಸವು ಬಹುಪಾಲು ಬೂದಿ, ಎಲೆ, ಹುಲ್ಲು, ಅಡಿಗೆಮನೆಯ ಸಿಪ್ಪೆ. ಇಂದಿನ ಕಸದಲ್ಲಿ ಬ್ಯಾಟರಿ, ಟ್ಯೂಬ್‌ಲೈಟು, ಬಣ್ಣದ ಡಬ್ಬಿ, ಪ್ಲಾಸ್ಟಿಕ್ ತುಂಡುಗಳೂ ಬೆರೆಯುತ್ತವೆ. ವಿಧಾನವು ಕೆಟ್ಟಿಲ್ಲ, ಅದಕ್ಕೆ ಹಾಕುವ ಕಸವು ಕೆಟ್ಟಿದೆ. ರಸಗೊಬ್ಬರ ನಿಯಂತ್ರಣ ಆಜ್ಞೆಯು ಇಂತಹ ಗೊಬ್ಬರದಲ್ಲಿ ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಮನ್ನೂ, ಸೀಸ 100 ಮಿಲಿಗ್ರಾಮನ್ನೂ, ಕ್ರೋಮಿಯಂ ಮತ್ತು ನಿಕ್ಕಲ್ ತಲಾ 50 ಮಿಲಿಗ್ರಾಮನ್ನೂ ಮೀರಕೂಡದೆಂದು ವಿಧಿಸಿದೆ. ಈ ಮಿತಿಯನ್ನು ಮುಟ್ಟಿದ ಗೊಬ್ಬರವನ್ನು ಎಕರೆಗೆ 4 ಟನ್ನು ಹಾಕಿದರೆ ಬರುವ ಕ್ಯಾಡ್ಮಿಯಂ 20 ಗ್ರಾಂ. ಮೇಲೆ ಲೆಕ್ಕಮಾಡಿದ ಒಂದು ಬೆಳೆಯ ನೀರಿನಲ್ಲಿ ಬಂದಷ್ಟೇ. ಆದುದರಿಂದ ಒಂದೇ ಹೊಲಕ್ಕೆ ಅಂತಹ ನೀರನ್ನೂ ಅಂತಹ ಗೊಬ್ಬರವನ್ನೂ ಸೇರಿಸಿ ಕೊಡುವವರ ಲೆಕ್ಕ ಎರಡರಷ್ಟಾಗುವುದು. ಇದಲ್ಲದೆ ರಂಜಕದ ರಸಗೊಬ್ಬರಗಳಲ್ಲಿಯೂ, ಅವುಗಳಿಗೆ ಮೂಲವಾದ ಕಲ್ಲಿಗೆ ತಕ್ಕಂತೆ, ಸ್ವಲ್ಪ ಕ್ಯಾಡ್ಮಿಯಂ ಇರುವುದುಂಟು.

ಬೀಜದೊಳಗೆ ನಡೆಯುವ ಕೆಲಸ

ಒಣಗಿದ ಬೀಜವು ಮೊದಲು ನೀರನ್ನು ಹೀರಿ ಉಬ್ಬುವುದು. ಬಳಿಕ ಅದರೊಳಗಿನ ಕಿಣ್ವಗಳು ಎಚ್ಚೆತ್ತು, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿಯೂ ಸಸಾರಜನಕವನ್ನು ಸರಳ ಪದಾರ್ಥಗಳಾಗಿಯೂ ಒಡೆಯುವುವು. ಈ ಬುತ್ತಿಯನ್ನು ಉಂಡು ಅಂಕುರವು ಬೆಳೆದು, ಮೊದಲು ಬೇರಿನ ಮೊಳೆಯು ಸಿಪ್ಪೆಯನ್ನು ಸೀಳಿಕೊಂಡು ಹೊರಕ್ಕೆ ಬರುವುದು. ಅನಂತರ ಕಾಂಡದ ಮೊಳೆ.

ಬೀಜದ ಸಿಪ್ಪೆಯು ಒಂದು ಕೋಟೆಯ ಗೋಡೆಯ ಹಾಗೆ. ನೀರನ್ನು ಒಳಕ್ಕೆ ಬಿಟ್ಟರೂ ಅನೇಕ ಲೋಹಗಳನ್ನು ಬಹುಮಟ್ಟಿಗೆ ಹೊರಗೇ ತಡೆದು ನಿಲ್ಲಿಸುವುದು. ಒಳಗಿನ ಬುತ್ತಿಯೂ ಸ್ವಂತದ್ದೇ. ಮಣ್ಣಿನಿಂದ ಬೇಡಿ ಪಡೆಯಬೇಕಾದುದಿಲ್ಲ. ಈ ಎರಡು ಕಾರಣಗಳಿಂದ, ಸಾಕಷ್ಟು ಮಲಿನವಾದ ಮಣ್ಣಿನಲ್ಲಿಯೂ ನೂರಕ್ಕೆ ತೊಂಬತ್ತು ಬೀಜಗಳು ಮೊಳೆಯುವುದುಂಟು. ರೈತನು ಪಾತಿಯನ್ನು ನೋಡಿ ‘ಹುಟ್ಟು ಚೆನ್ನಾಗಿದೆ’ ಎಂದು ಸಮಾಧಾನಪಡುವನು.

ಕೇಡು ಶುರುವಾಗುವುದು ಬೇರಿನ ಮೊಳೆಯು ಕೋಟೆಯಿಂದ ಹೊರಕ್ಕೆ ಬಂದ ಕ್ಷಣದಿಂದ. ಬೇರಿನ ತುದಿಯಲ್ಲಿ ಜೀವಕಣಗಳು ಎಡೆಬಿಡದೆ ಒಂದು ಎರಡಾಗಿ ಒಡೆದು ಹೆಚ್ಚುತ್ತಿರಬೇಕು. ಅದರ ಹಿಂದಿನ ಭಾಗದಲ್ಲಿ ಕಣಗಳು ಉದ್ದವಾಗಬೇಕು. ಭಾರಲೋಹಗಳು ಈ ಎರಡು ಕೆಲಸಗಳಿಗೂ ಅಡ್ಡಿ ಮಾಡುವುವು. ಬೇರು ಗಿಡ್ಡವಾಗಿ ದಪ್ಪವಾಗುವುದು, ತುದಿ ಕಂದು ಬಣ್ಣಕ್ಕೆ ತಿರುಗುವುದು, ಕವಲು ಬೇರುಗಳು ಮೊಟುಕಾಗುವುವು, ನೀರನ್ನೂ ಆಹಾರವನ್ನೂ ಹೀರುವ ನವಿರಾದ ಬೇರುರೋಮಗಳು ಕಡಿಮೆಯಾಗುವುವು. ಬೀಜದ ಬುತ್ತಿ ಮುಗಿಯುವವರೆಗೆ ಮೇಲಿನ ಸಸಿಯಲ್ಲಿ ಈ ಕೊರತೆ ಕಾಣದು. ಬುತ್ತಿ ಮುಗಿದ ಮೇಲೆ, ಅಂದರೆ ಎರಡು ಮೂರು ವಾರಗಳಾದ ತರುವಾಯ, ಸಸಿಯು ಇದ್ದಕ್ಕಿದ್ದಂತೆ ಮಂಕಾಗಿ, ನಾಲ್ಕು ದಿನ ಮಳೆ ಹಿಂದೆಗೆದರೆ ಸಾಕು, ಬಾಡಿಬೀಳುವುದು. ಆಗ ದೂರು ಬರುವುದು ಮಳೆಯ ಮೇಲೆ.

ಇನ್ನೊಂದು ಮೋಸವೂ ಇದೆ. ಕೊಳಚೆ ನೀರಿನಲ್ಲಿ ಸಾರಜನಕವು ಹೇರಳವಾಗಿರುವುದರಿಂದ ಎಲೆಗಳು ಕಡುಹಸುರಾಗಿ ಸೊಂಪಾಗಿ ಬೆಳೆಯಬಹುದು. ನೆಲದ ಕೆಳಗೆ ಬೇರಿಗೆ ಆಗಿರುವ ಕೇಡನ್ನು ಈ ಹಸುರು ಮರೆಮಾಡುವುದು.

ಒಂದೊಂದು ವಿಷದ ಗುರುತು

ಕ್ರೋಮಿಯಮಿನಲ್ಲಿ ಎರಡು ರೂಪಗಳುಂಟು. ಚರ್ಮ ಹದಮಾಡುವಲ್ಲಿಯೂ ಲೋಹಕ್ಕೆ ಮೆರುಗು ಕೊಡುವಲ್ಲಿಯೂ ಬಳಕೆಯಾಗುವ ಲವಣಗಳಿಂದ ಅದು ನೀರಿಗೆ ಸೇರುವುದು. ಅದರ ಷಡ್ವೇಲೆನ್ಸಿಯ ರೂಪವು ಬಹಳ ಉಗ್ರವಾದುದು. ಪಿಷ್ಟವನ್ನು ಒಡೆಯುವ ಕಿಣ್ವವನ್ನೇ ಕುಂದಿಸಿ, ಬೀಜವು ಮೊಳೆಯುವುದನ್ನೇ ತಡೆಯಬಲ್ಲುದು. ಎಣಿಕೆಯಲ್ಲಿಯೂ ಸಿಕ್ಕಿಬೀಳುವ ವಿಷಗಳಲ್ಲಿ ಇದೊಂದು. ತಾಮ್ರವು ಬೇರಿನಲ್ಲಿಯೇ ನಿಂತು ಬೇರನ್ನೇ ಕೆಡಿಸುವುದು; ಕವಲುಗಳು ಮುಳ್ಳುತಂತಿಯ ಹಾಗೆ ಮೊಂಡಾಗಿ ಕಾಣುವುವು. ಸತುವೂ ನಿಕ್ಕಲೂ ಹೆಚ್ಚಾದಲ್ಲಿ ಎಳೆಯ ಎಲೆಗಳು, ಕಬ್ಬಿಣದ ಕೊರತೆಯಿಂದಾದಂತೆ, ಹಳದಿಯಾಗುವುವು. ಸೀಸವು ಬಹುಮಟ್ಟಿಗೆ ಮಣ್ಣಿಗೂ ಬೇರಿಗೂ ಅಂಟಿಕೊಂಡಿದ್ದು ಮೇಲಕ್ಕೆ ಸ್ವಲ್ಪವೇ ಏರುವುದು.

ಕ್ಯಾಡ್ಮಿಯಮಿನ ಸ್ವಭಾವವು ಇವೆಲ್ಲಕ್ಕಿಂತ ಬೇರೆ. ಪೈರಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಆದರೆ ಸತು, ಸುಣ್ಣ, ಕಬ್ಬಿಣಗಳು ಬೇರಿನೊಳಕ್ಕೆ ಹೋಗುವ ಬಾಗಿಲುಗಳಲ್ಲಿಯೇ ಅದೂ ನುಸುಳುವುದು. ಅಲ್ಲಿಂದ ಸುಲಭವಾಗಿ ಎಲೆಗೆ ಏರುವುದು. ಪೈರಿಗೆ ಕೇಡಾಗುವ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ ಪ್ರಮಾಣವೇ ಉಣ್ಣುವ ಮನುಷ್ಯನಿಗೆ ಕೇಡು ಮಾಡುವುದು.

ಬಿ.ಎಚ್.ಸಿ.ಯು ಹೆಚ್ಚಾಗಿದ್ದಲ್ಲಿ ಬೇರಿನ ತುದಿಯ ಕಣಗಳು ಒಡೆಯಲಾರದೆ ಊದಿಕೊಂಡು ತುದಿಯು ಗೆಣ್ಣಿನಂತಾಗುವುದು. ಡಿ.ಡಿ.ಟಿ.ಯ ಶೇಷವು ಮೊಳಕೆಗೆ ಅಷ್ಟಾಗಿ ತೊಂದರೆ ಕೊಡದು. ಆದರೆ ಕುಂಬಳದ ಜಾತಿಯ ಕೆಲವು ಬಳ್ಳಿಗಳು ಅದನ್ನು ಬೇರಿನಿಂದ ಹೀರಿಕೊಳ್ಳಬಲ್ಲವು. ಅಟ್ರಜಿನ್ ಉಳಿದ ಹೊಲದಲ್ಲಿ ಅವರೆ, ಹುರುಳಿ, ಸೌತೆಗಳು ಸೊಗಸಾಗಿ ಮೊಳೆತು, ಬೀಜದಳಗಳ ಆಹಾರ ತೀರಿದ ಮೇಲೆ ಎಲೆಯ ಅಂಚಿನಿಂದ ಹಳದಿಯಾಗಿ ಒಣಗುವುವು. ಏಕೆಂದರೆ ಆ ವಿಷವು ತಡೆಯುವುದು ಮೊಳೆಯುವುದನ್ನಲ್ಲ, ಎಲೆಯು ಬಿಸಿಲಿನಲ್ಲಿ ಆಹಾರ ತಯಾರಿಸುವುದನ್ನು.

ನಮ್ಮ ಕೆಮ್ಮಣ್ಣಿನ ದೌರ್ಬಲ್ಯ

ಒಂದೇ ಪ್ರಮಾಣದ ಲೋಹವು ಎಲ್ಲ ಮಣ್ಣಿನಲ್ಲಿಯೂ ಒಂದೇ ರೀತಿ ಕೆಲಸ ಮಾಡದು. ಸುಣ್ಣದ ಅಂಶವೂ ಜೇಡಿಯೂ ಹೆಚ್ಚಾಗಿರುವ ಎರೆಭೂಮಿಯು ಲೋಹಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದು. ಬೆಂಗಳೂರಿನ ಸುತ್ತಣ ಕೆಮ್ಮಣ್ಣು ಸಾಧಾರಣವಾಗಿ ಸ್ವಲ್ಪ ಹುಳಿಗುಣದ್ದು, ಸೇಂದ್ರಿಯ ಪದಾರ್ಥ ಕಡಿಮೆಯಾದುದು; ಅದರ ಜೇಡಿಗೂ ಹಿಡಿದಿಡುವ ಶಕ್ತಿ ಅಲ್ಪ. ಹುಳಿಯಾದ ಮಣ್ಣಿನಲ್ಲಿ ಕ್ಯಾಡ್ಮಿಯಂ, ಸತು, ನಿಕ್ಕಲ್‌ಗಳು ಹೆಚ್ಚು ಕರಗಿ ಬೇರಿಗೆ ಬೇಗ ದೊರೆಯುವುವು. ಆದುದರಿಂದ ಅಟ್ಟೂರಿನ ಸುತ್ತಣ ಬೇಸಾಯಗಾರರು ಬಿಜಾಪುರದ ಕಡೆಯ ಎರೆಹೊಲದವರಿಗಿಂತ ಹೆಚ್ಚು ಎಚ್ಚರಿಕೆಯಿಂದಿರಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಈ ಪರೀಕ್ಷೆಗೆ ಯಂತ್ರವೂ ಬೇಡ, ಹೆಚ್ಚು ಖರ್ಚೂ ಇಲ್ಲ. ಔಷಧ ಸವರದ ಹೊಸ ಸಾಸಿವೆ ಅಥವಾ ಮೂಲಂಗಿಯ ಬೀಜ, ಆರು ಚಪ್ಪಟೆಯಾದ ತಟ್ಟೆಗಳು, ಒತ್ತುಕಾಗದ ಅಥವಾ ತೊಳೆದ ಬಿಳಿಯ ಹತ್ತಿಯ ಬಟ್ಟೆ, ಒಂದು ಅಳತೆಯ ಪಟ್ಟಿ ಇವಿಷ್ಟು ಸಾಕು.

ಮೂರು ತಟ್ಟೆಗಳಲ್ಲಿ ಶುದ್ಧವಾದ ಮಳೆಯ ನೀರಿನಿಂದಲೂ, ಮೂರರಲ್ಲಿ ಪರೀಕ್ಷಿಸಬೇಕಾದ ನೀರಿನಿಂದಲೂ ಬಟ್ಟೆಯನ್ನು ಒಂದೇ ಅಳತೆಯಲ್ಲಿ ನೆನೆಸಬೇಕು. ನಲ್ಲಿಯ ನೀರಾದರೆ ಒಂದು ದಿವಸ ಬಾಯಿ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಉಪಯೋಗಿಸತಕ್ಕದ್ದು. ಗೊಬ್ಬರವನ್ನೋ ಗೋಡನ್ನೋ ಪರೀಕ್ಷಿಸುವುದಾದರೆ, ಅದರ ಒಂದು ಭಾಗಕ್ಕೆ ಹತ್ತು ಭಾಗ ಶುದ್ಧ ನೀರು ಸೇರಿಸಿ, ಒಂದು ಗಂಟೆಯ ಕಾಲ ಆಗಾಗ ಕದಡಿ, ಬಟ್ಟೆಯಲ್ಲಿ ಸೋಸಿದ ನೀರನ್ನು ತೆಗೆದುಕೊಳ್ಳಬೇಕು. ತಟ್ಟೆಗೆ 50ರಂತೆ ಬೀಜಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಮುಚ್ಚಿ, ನೆರಳಿನಲ್ಲಿ ಮೂರು ದಿವಸ ಇಡಬೇಕು. ನಾಲ್ಕನೆಯ ದಿವಸ ಮೊಳೆತ ಬೀಜಗಳನ್ನು ಎಣಿಸಿ, ಪ್ರತಿಯೊಂದರ ಬೇರನ್ನೂ ಅಳೆದು ಸರಾಸರಿ ತೆಗೆಯಬೇಕು.

ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಹೀಗೆ ಭಾವಿಸೋಣ. ಶುದ್ಧ ನೀರಿನಲ್ಲಿ 50ಕ್ಕೆ 48 ಬೀಜ ಮೊಳೆತು ಬೇರಿನ ಸರಾಸರಿ ಉದ್ದ 30 ಮಿಲಿಮೀಟರಾಯಿತು. ಪರೀಕ್ಷೆಯ ನೀರಿನಲ್ಲಿ 45 ಮೊಳೆತು ಬೇರಿನ ಉದ್ದ 16 ಮಿಲಿಮೀಟರಾಯಿತು. ಎಣಿಕೆಯಲ್ಲಿ 48ಕ್ಕೆ 45, ಅಂದರೆ ನೂರಕ್ಕೆ ಸುಮಾರು 94, ಯಾರೂ ಅನುಮಾನಪಡುವಂತಿಲ್ಲ. ಬೇರಿನಲ್ಲಿ 30ಕ್ಕೆ 16, ಅಂದರೆ ನೂರಕ್ಕೆ ಸುಮಾರು 53. ಈ ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿದರೆ 50 ಬರುವುದು. ಇದಕ್ಕೆ ಮೊಳಕೆಯ ಸೂಚ್ಯಂಕವೆಂದು ಹೆಸರು. ಸೂಚ್ಯಂಕವು 80ಕ್ಕೆ ಮೇಲಿದ್ದರೆ ಮೊಳಕೆಗೆ ಭಯವಿಲ್ಲವೆಂದೂ, 50ಕ್ಕೆ ಕೆಳಗಿದ್ದರೆ ವಿಷವು ಬಲವಾಗಿದೆಯೆಂದೂ ಸಾಮಾನ್ಯವಾಗಿ ತಿಳಿಯುವರು.

ಸೂಚ್ಯಂಕವು ಕಡಿಮೆಯಾದ ಮಾತ್ರಕ್ಕೆ ನಶಿಸದ ವಿಷವೇ ಇದೆಯೆಂದು ನಿಶ್ಚಯಿಸಕೂಡದು. ಪೂರ್ತಿ ಕಳಿಯದ ಹಸಿ ಗೊಬ್ಬರದ ಅಮೋನಿಯವೂ, ಹೆಚ್ಚಾದ ಉಪ್ಪೂ ಬೇರನ್ನು ಹೀಗೆಯೇ ಕುಗ್ಗಿಸುವುವು. ಇವುಗಳನ್ನು ಬೇರ್ಪಡಿಸಲು ಎರಡು ಉಪಾಯಗಳಿವೆ. ಗೊಬ್ಬರವಾದರೆ ಅದನ್ನು ತೇವವಾಗಿಟ್ಟು, ಆಗಾಗ ಮಗುಚಿ, ಒಂದೆರಡು ತಿಂಗಳ ಮೇಲೆ ಮತ್ತೆ ಪರೀಕ್ಷಿಸಬೇಕು. ಬೇರು ಸರಿಹೋದರೆ ದೋಷವು ನಶಿಸತಕ್ಕದ್ದಾಗಿತ್ತು. ಮಣ್ಣಾದರೆ ತಳದಲ್ಲಿ ತೂತಿರುವ ಕುಂಡದಲ್ಲಿ ತುಂಬಿ, ಮಣ್ಣಿನ ಮೂರರಷ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಯಿಸಿ ಬಸಿಯಗೊಟ್ಟು ಪರೀಕ್ಷಿಸಬೇಕು. ಬೇರು ಸರಿಹೋದರೆ ದೋಷವು ಬಹುಮಟ್ಟಿಗೆ ಉಪ್ಪಿನದು. ಕಾಯುವುದರಿಂದಲೂ ತೊಳೆಯುವುದರಿಂದಲೂ ಬೇರು ಚೇತರಿಸಿಕೊಳ್ಳದಿದ್ದಲ್ಲಿ ಲೋಹಾದಿಗಳನ್ನು ಸಂದೇಹಿಸಿ ಪ್ರಯೋಗಶಾಲೆಗೆ ಕಳುಹಿಸಬೇಕು. ಕಳೆನಾಶಕದ ಅನುಮಾನವಿದ್ದ ಹೊಲಕ್ಕೆ ಮೂರು ದಿವಸದ ಪರೀಕ್ಷೆ ಸಾಲದು. ಆ ಮಣ್ಣನ್ನು ಒಂದು ಕುಂಡದಲ್ಲಿಯೂ ಒಳ್ಳೆಯ ಮಣ್ಣನ್ನು ಮತ್ತೊಂದರಲ್ಲಿಯೂ ತುಂಬಿ, ಅವರೆಯನ್ನೂ ಸೌತೆಯನ್ನೂ ಬಿತ್ತಿ, ಮೂರು ವಾರ ಬಿಸಿಲಿನಲ್ಲಿಟ್ಟು ನೋಡಬೇಕು.

ಈ ಪರೀಕ್ಷೆಯ ಮಿತಿ

ಬೇರು ಚೆನ್ನಾಗಿ ಬೆಳೆದ ಮಾತ್ರಕ್ಕೆ ಆ ನೀರಿನಲ್ಲಿ ಬೆಳೆದ ಸೊಪ್ಪು ತಿನ್ನಲು ಯೋಗ್ಯವೆಂದು ಹೇಳಲಾಗದು. ಮೇಲೆ ಹೇಳಿದಂತೆ, ಮನುಷ್ಯನಿಗೆ ಕೇಡುಮಾಡುವಷ್ಟು ಕ್ಯಾಡ್ಮಿಯಮನ್ನು ಪೈರು ಸುಮ್ಮನೆ ಹೊರಬಲ್ಲುದು. ಸೊಪ್ಪಿನ ತರಕಾರಿಗಳಲ್ಲಿ ಹಸಿ ತೂಕದ ಕಿಲೋಗೆ ಕ್ಯಾಡ್ಮಿಯಂ 0.2 ಮಿಲಿಗ್ರಾಮನ್ನು ಮೀರಕೂಡದೆಂಬುದು ಅಂತರರಾಷ್ಟ್ರೀಯ ಆಹಾರ ಮಾನದಂಡ. ಇದನ್ನು ಕಣ್ಣಾಗಲಿ ನಾಲಿಗೆಯಾಗಲಿ ಕಂಡುಹಿಡಿಯಲಾರದು, ಪ್ರಯೋಗಶಾಲೆಯೇ ಬೇಕು. 2015ರಿಂದ ರೈತರಿಗೆ ಕೊಡಲಾಗುತ್ತಿರುವ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ಸತುವೂ ತಾಮ್ರವೂ ಇವೆ. ಕ್ಯಾಡ್ಮಿಯಮೂ ಸೀಸವೂ ಇಲ್ಲ. ಆದುದರಿಂದ ಚೀಟಿಯು ಚೆನ್ನಾಗಿದ್ದರೂ ಕೊಳಚೆ ನೀರು ಹಾಯುವ ಹೊಲದವರು ಭಾರಲೋಹಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು.

ಈ ಎಚ್ಚರಿಕೆ ಬರಿಯ ಊಹೆಯಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರು ಹಾಯುವ ಮಣ್ಣನ್ನೂ ಬೆಳೆಗಳನ್ನೂ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಲ್ಲಿನ ಅಕ್ಕಿ ತರಕಾರಿಗಳಲ್ಲಿ ಕೆಲವು ಲೋಹಗಳು ಮಿತಿಯನ್ನು ಮೀರಿದ್ದುದು ಕಂಡುಬಂದಿತು. ಜಪಾನ್ ದೇಶದ ತೊಯಾಮ ಪ್ರಾಂತದಲ್ಲಿ ಗಣಿಯಿಂದ ಜಿಂಜು ನದಿಗೆ ಸೇರಿದ ಕ್ಯಾಡ್ಮಿಯಂ ಭತ್ತದ ಗದ್ದೆಗಳನ್ನು ಹೊಕ್ಕು, ಆ ಅಕ್ಕಿಯನ್ನು ಬಹುಕಾಲ ಉಂಡವರ ಮೂತ್ರಪಿಂಡಗಳು ಕೆಟ್ಟು ಮೂಳೆಗಳು ಮುರಿಯುವ ರೋಗ ಬಂದಿತು. ನೋವಿನ ಕೂಗನ್ನೇ ಹೆಸರಾಗಿಟ್ಟುಕೊಂಡ ‘ಇತಾಯ್ ಇತಾಯ್’ ರೋಗವಿದು. ಇದಕ್ಕೆ ಕ್ಯಾಡ್ಮಿಯಮೇ ಕಾರಣವೆಂದು ಅಲ್ಲಿನ ಸರಕಾರವು 1968ರಲ್ಲಿ ಒಪ್ಪಿತು. ಆ ಗದ್ದೆಗಳ ಮೇಲ್ಮಣ್ಣನ್ನು ಬದಲಾಯಿಸಿ ಸರಿಪಡಿಸುವ ಕೆಲಸವು 1979ರಲ್ಲಿ ಶುರುವಾಗಿ ಮುಗಿಯುವ ಹೊತ್ತಿಗೆ 2012 ಬಂದಿತ್ತು. ಕೆಡಿಸಿದ ಮಣ್ಣನ್ನು ಸರಿಮಾಡುವುದೆಂದರೆ ಎಂತಹ ಕೆಲಸವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಮಾಡತಕ್ಕ ಕೆಲಸಗಳು

ಒಂದನೆಯದಾಗಿ, ಬರುವ ವಿಷವನ್ನು ನಿಲ್ಲಿಸಬೇಕು. ಮಿಕ್ಕ ಉಪಾಯಗಳೆಲ್ಲವೂ ಇದರ ಮುಂದೆ ಸಣ್ಣವು. ಕಾರ್ಖಾನೆಯ ನೀರು ಸೇರುವ ಕಾಲುವೆಯಿಂದ ನೀರೆತ್ತಕೂಡದು. ಪಾತಿಗಳಿಗೂ ಒಟ್ಲುಗಳಿಗೂ ಬಾವಿಯ ಅಥವಾ ಮಳೆಯ ಒಳ್ಳೆಯ ನೀರನ್ನೇ ಮೀಸಲಿಡಬೇಕು. ಸಸಿಗೆ ಬೇಕಾಗುವ ನೀರು ಸ್ವಲ್ಪ. ಅದಕ್ಕೆ ಆಗುವ ಕೇಡು ಮಾತ್ರ ದೊಡ್ಡದು.

ಎರಡನೆಯದಾಗಿ, ಶುದ್ಧಿಮಾಡಿದ ನೀರಿನ ವಿಷಯ. ಯಲಹಂಕದ ಕೆಳಗಿನ ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದಿಂದ ಬರುವ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಸೇರುವಂತೆ ಏರ್ಪಡಿಸಿರುವುದು ಒಳ್ಳೆಯ ಮಾದರಿ. ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಲ್ಲಿ ದಿನಕ್ಕೆ 210 ದಶಲಕ್ಷ ಲೀಟರು ಶುದ್ಧಿಮಾಡಿದ ನೀರನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಮೊದಲಾದ ಕಡೆಯ 65 ಕೆರೆಗಳಿಗೆ ತುಂಬಿಸಲು ಉದ್ದೇಶಿಸಲಾಯಿತು. ಬಯಲುಸೀಮೆಗೆ ನೀರಿನ ಬೆಲೆ ತಿಳಿಯದೆ ಇಲ್ಲ. ಆದರೆ ಎರಡನೆಯ ಹಂತದ ಶುದ್ಧೀಕರಣವು ಮುಖ್ಯವಾಗಿ ಕೊಳೆಯುವ ಕಲ್ಮಷವನ್ನು ತೆಗೆಯಲು ಏರ್ಪಟ್ಟುದು. ಕರಗಿದ ಲೋಹಗಳನ್ನೆಲ್ಲ ತೆಗೆಯುವುದಕ್ಕಲ್ಲ. ಆದುದರಿಂದ ಇಂತಹ ನೀರನ್ನು ಪಡೆಯುವ ಗ್ರಾಮಗಳವರು ನೀರನ್ನೂ ಗೋಡನ್ನೂ ನಿಯತಕಾಲದಲ್ಲಿ ಲೋಹಗಳಿಗಾಗಿ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯಲ್ಲಿ ಪ್ರಕಟಿಸಬೇಕೆಂದು ಕೇಳುವುದು ನ್ಯಾಯವಾದುದು.

ಮೂರನೆಯದಾಗಿ, ಮಣ್ಣಿನ ಹಿಡಿದಿಡುವ ಶಕ್ತಿಯನ್ನು ಹೆಚ್ಚಿಸಬೇಕು. ಮಣ್ಣಿನ ಪರೀಕ್ಷೆಯ ಪ್ರಕಾರ ಸುಣ್ಣ ಹಾಕಿ ಹುಳಿಯನ್ನು ಮುರಿದರೆ ಕ್ಯಾಡ್ಮಿಯಂ, ಸತು, ನಿಕ್ಕಲ್, ಸೀಸಗಳು ಬೇರಿಗೆ ಸುಲಭವಾಗಿ ಸಿಗವು. ಚೆನ್ನಾಗಿ ಕಳಿತ ಶುದ್ಧವಾದ ಕೊಟ್ಟಿಗೆ ಗೊಬ್ಬರವೂ ಹಸುರೆಲೆ ಗೊಬ್ಬರವೂ ಲೋಹಗಳನ್ನು ಹಿಡಿದಿಡುವುವು. ಉಗ್ರವಾದ ಕ್ರೋಮಿಯಮಿಗೆ ಸುಣ್ಣವು ಮದ್ದಲ್ಲ. ಸೇಂದ್ರಿಯ ಪದಾರ್ಥವೇ ಅದನ್ನು ಸಾಧುರೂಪಕ್ಕೆ ತಿರುಗಿಸುವುದು. ಇವೆಲ್ಲವೂ ವಿಷವನ್ನು ಕಟ್ಟಿಹಾಕುವ ಉಪಾಯಗಳೇ ಹೊರತು ತೆಗೆದುಹಾಕುವುವಲ್ಲ. ಮಣ್ಣು ಮತ್ತೆ ಹುಳಿಯಾದರೆ ಕಟ್ಟು ಬಿಚ್ಚುವುದು.

ನಾಲ್ಕನೆಯದಾಗಿ, ಬೆಳೆಯನ್ನು ಆರಿಸಬೇಕು. ಲೋಹವನ್ನು ಹೆಚ್ಚಾಗಿ ಕೂಡಿಸಿಕೊಳ್ಳುವುವು ಪಾಲಕ, ದಂಟು, ಕೊತ್ತಂಬರಿ ಮೊದಲಾದ ಸೊಪ್ಪುಗಳು. ಅನಂತರ ಮೂಲಂಗಿ ಮೊದಲಾದ ಗಡ್ಡೆ ಬೇರುಗಳು. ಕಾಯಿಗಳಲ್ಲಿಯೂ ಕಾಳುಗಳಲ್ಲಿಯೂ ಸಾಮಾನ್ಯವಾಗಿ ಕಡಿಮೆ. ಸಂದೇಹವಿರುವ ಭೂಮಿಯಲ್ಲಿ ಸೊಪ್ಪನ್ನು ಬಿಟ್ಟು ಸೇವಂತಿಗೆ, ಚೆಂಡುಹೂವುಗಳನ್ನಾಗಲಿ, ಮರಗಳನ್ನಾಗಲಿ ಬೆಳೆಯುವುದು ಲೇಸು. ಅಂತಹ ಹೊಲದ ಮೇವನ್ನು ಹಸುಗಳಿಗೆ ಹಾಕುವ ಮುನ್ನವೂ ಪರೀಕ್ಷೆ ಅವಶ್ಯಕ. ಸಾಸಿವೆ, ಸೂರ್ಯಕಾಂತಿಗಳು ಲೋಹವನ್ನು ಹೀರಿ ಮಣ್ಣನ್ನು ಹಗುರಮಾಡುವುವೆಂದು ಅವುಗಳನ್ನು ಬೆಳೆಯುವುದಾದರೆ, ಆ ಗಿಡಗಳನ್ನು ದನಗಳಿಗೂ ಗೊಬ್ಬರದ ಗುಂಡಿಗೂ ಹಾಕಕೂಡದು.

ಐದನೆಯದಾಗಿ, ಮನೆಯ ಮಹಡಿಯ ಮೇಲೆ ತರಕಾರಿ ಬೆಳೆಯುವವರಿಗೆ ಒಂದು ಮಾತು. ಬ್ಯಾಟರಿ, ಬಲ್ಬು, ಬಣ್ಣ, ಔಷಧಗಳನ್ನು ಹಸಿ ಕಸದಲ್ಲಿ ಬೆರೆಸದೆ ಬೇರೆಯಾಗಿ ಕೊಡುವುದು ಅವರ ಕೈಯಲ್ಲಿಯೇ ಇದೆ. ಇಂದು ಅವರ ಮನೆಯಿಂದ ಹೋದ ಕಸವೇ ನಾಳೆ ಗೊಬ್ಬರವಾಗಿ ಯಾರೋ ಒಬ್ಬ ರೈತನ ಹೊಲಕ್ಕೆ ಬೀಳುವುದು. ಅಲ್ಲಿ ಬೆಳೆದ ಸೊಪ್ಪು ಅವರ ಅಡಿಗೆಮನೆಗೇ ತಿರುಗಿ ಬರುವುದು. ಗೋಡೆಯಿಂದ ಉದುರಿದ ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಆ ಪುಡಿಯು ಕುಂಡಗಳಿಗೆ ಬೀಳದಂತೆಯೂ ನೋಡಿಕೊಳ್ಳಬೇಕು.

ಮುಂಗಾರಿನ ಬಿತ್ತನೆಗೆ ಮೊದಲು, ಕೆರೆಯ ಅಥವಾ ಕಾಲುವೆಯ ನೀರನ್ನು ಬಳಸುವ ಪ್ರತಿಯೊಬ್ಬ ಬೇಸಾಯಗಾರನೂ ಮೇಲೆ ಹೇಳಿದ ತಟ್ಟೆಯ ಪರೀಕ್ಷೆಯನ್ನು ಒಂದು ಸಲವಾದರೂ ಮಾಡಿ, ಬೇರಿನ ಉದ್ದವನ್ನು ಬರೆದಿಡುವುದು ಒಳ್ಳೆಯದು. ಪ್ರತಿ ವರ್ಷವೂ ಅದೇ ತಿಂಗಳಿನಲ್ಲಿ ಅದನ್ನೇ ಮಾಡುತ್ತ ಬಂದರೆ, ನೀರು ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ಎಂಬುದು ಆ ಪುಸ್ತಕದಿಂದಲೇ ತಿಳಿಯುವುದು. ಸೂಚ್ಯಂಕವು 80ಕ್ಕಿಂತ ಕಡಿಮೆಯಾದವರು ಎರಡನೆಯ ಸಲ ಪರೀಕ್ಷಿಸಿ, ಆಗಲೂ ಅಷ್ಟೇ ಬಂದರೆ ನೀರು, ಮಣ್ಣುಗಳ ಮಾದರಿಗಳೊಡನೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕಾಣತಕ್ಕದ್ದು.